ಇಡ್ಲಿ ಶಿರಸಿಗೆ ಹೊರಟಿದ್ದಾಳೆ, ನಾವೆಲ್ಲ ಹೋಗೋದು ಬೇಡ

ನಮ್ಮ ಕಾಲೇಜಲ್ಲಿ ಟ್ರಿಪ್ ಪ್ಲ್ಯಾನ್ ಅಂದ್ರೆ ಏನು ಅಂತ ಎಲ್ಲರಿಗೂ ಗೊತ್ತು. ಒಂದು ವಾಟ್ಸಾಪ್ ಗ್ರೂಪ್, ಅದಕ್ಕೊಂದು ವಿಚಿತ್ರ ಹೆಸರು, ಹನ್ನೊಂದು ಜನ ‘ಪಕ್ಕಾ ಮಗಾ’ ಅಂದು ಕೊನೆಗೆ ಹೊರಡೋದು ಐದು ಜನ. ಬ್ಯಾಗಿಗೆ ಎರಡು ಟೀಶರ್ಟ್, ಒಂದು ಪವರ್ ಬ್ಯಾಂಕ್, ಒಂದು ಸ್ಪೀಕರ್. ಮನುಷ್ಯರ ಟ್ರಿಪ್ಪಿಗೆ ಇಷ್ಟು ಸಾಕು. ಮರೆತ ಬ್ರಷ್ಷು ದಾರೀಲಿ ಅಂಗಡೀಲಿ ಸಿಗುತ್ತೆ, ಹೊಟ್ಟೆ ತೊಳಸಿದರೆ ‘ಗಾಡಿ ನಿಲ್ಸೋ’ ಅನ್ನೋಕೆ ಬಾಯಿದೆ. ನಾಯಿಗೆ ಅಂಗಡಿಯೂ ಇಲ್ಲ, ಆ ಬಾಯಿಯೂ ಇಲ್ಲ. ಅದಕ್ಕೇ ನಮ್ಮ ವಾದ ಇಷ್ಟು: ನಾಯಿಯನ್ನ ದೂರ ಕರ್ಕೊಂಡು ಹೋಗೋದಾದರೆ ಒಂದು ತಿಂಗಳ ತಯಾರಿ ಬೇಕು. ಆ ತಯಾರಿಯಲ್ಲಿ ಮೊದಲನೇ ಕೆಲಸ, ಕಾರಲ್ಲಿ ಜನ ಕಡಿಮೆ ಮಾಡೋದು.

ವಿಷಯ ಇಡ್ಲಿಯದ್ದು. ಹಾಸ್ಟೆಲ್ ಮೆಸ್ಸಿನ ಹಿಂದೆ, ಗ್ಯಾಸ್ ಸಿಲಿಂಡರ್ ಇಡೋ ಜಾಲರಿ ಪಕ್ಕ ಮಲಗಿರೋ ಬಿಳಿ ನಾಯಿ. ಬೆಳಿಗ್ಗೆ ಮೆಸ್ಸಲ್ಲಿ ಇಡ್ಲಿ ಇದ್ದ ದಿನ ಮಾತ್ರ ಬಾಗಿಲ ತನಕ ಬರ್ತಾಳೆ, ಉಪ್ಪಿಟ್ಟು ಅಂದ್ರೆ ತಲೆ ಕೂಡ ಎತ್ತಲ್ಲ (ಈ ವಿಷಯದಲ್ಲಿ ನಮ್ಮದೂ ಅವಳದೂ ಒಂದೇ ಪಕ್ಷ). ಎಡ ಕಿವಿಯ ತುದಿಯಲ್ಲಿ ಸಣ್ಣ ಕಟ್ ಇದೆ. ಅಂದ್ರೆ ಅವಳಿಗೆ ಸಂತಾನಹರಣ ಆಪರೇಷನ್ ಆಗಿದೆ ಅಂತ ಅರ್ಥ. ಕಚ್ಚಿದ ಉದಾಹರಣೆ ಇಲ್ಲ. ಹಾಗಂತ ಎಲ್ಲರಿಗೂ ಅವಳು ಇಷ್ಟ ಅಂತ ನಾವು ಹೇಳಲ್ಲ. ಚಿಕ್ಕವರಿದ್ದಾಗ ನಾಯಿ ಕಚ್ಚಿಸಿಕೊಂಡ ಒಬ್ಬಳು ಜೂನಿಯರ್ ರಾತ್ರಿ ಲೈಬ್ರರಿಯಿಂದ ಬರುವಾಗ ಮೆಸ್ಸಿನ ದಾರಿ ಬಿಟ್ಟು ಸುತ್ತು ಹಾಕ್ಕೊಂಡು ಹೋಗ್ತಾಳೆ. ಅವಳ ಭಯಕ್ಕೂ ಈ ಕ್ಯಾಂಪಸ್ಸಲ್ಲಿ ಜಾಗ ಇರಬೇಕು.

ಈಗ ಯಾಕೆ ಸಾಗಿಸೋ ಮಾತು? 2023ರ ಎಬಿಸಿ ನಿಯಮಗಳ ಪ್ರಕಾರ ಬೀದಿನಾಯಿಯನ್ನ ಹಿಡಿದು, ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ವಾಪಸ್ ಬಿಡಬೇಕಿತ್ತು. ಆದರೆ 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಾಲಾ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರೋ ಬೀದಿನಾಯಿಗಳನ್ನ ತೆಗೆದು ಶೆಲ್ಟರಿಗೆ ಸೇರಿಸಬೇಕು, ಅದೇ ಜಾಗಕ್ಕೆ ಮತ್ತೆ ಬಿಡಬಾರದು ಅಂತ ಹೇಳಿತು. ಈ ಆದೇಶ ಸರಿಯಾ ತಪ್ಪಾ ಅಂತ ಚರ್ಚೆ ಮಾಡ್ತಾ ಕೂತರೆ ಒಂದು ಸೆಮಿಸ್ಟರ್ ಸಾಲಲ್ಲ. ಇಡ್ಲಿಗೆ ಅಷ್ಟು ಟೈಮಿಲ್ಲ. ಜೊತೆಗೆ ರಜೆಯಲ್ಲಿ ಮೆಸ್ ಮುಚ್ಚುತ್ತೆ. ನಾವು ಊರಲ್ಲಿ ಅಮ್ಮನ ಕೈ ಅಡುಗೆ ತಿಂತಾ ಇರುವಾಗ ಅವಳು ಮುಚ್ಚಿದ ಬಾಗಿಲ ಮುಂದೆ ಕೂತಿರ್ತಾಳೆ. ಅದೃಷ್ಟಕ್ಕೆ ನಮ್ಮ ಬ್ಯಾಚಿನ ಶಿರಸಿ ಕಡೆಯ ಗೆಳೆಯನ ಮನೆಯವರು ಅವಳನ್ನ ಸಾಕೋಕೆ ಒಪ್ಪಿದ್ದಾರೆ. ಅವನಮ್ಮ ಹಾಕಿದ ಷರತ್ತು ಒಂದೇ: ‘ಅಂಗಳದಲ್ಲಿ ಅಡಿಕೆ ಒಣಗಿಸಿದಾಗ ಅದ್ರ ಮೇಲೆ ಓಡಾಡದೇ ಇದ್ರೆ ಸಾಕು ಮಾರಾಯ.’

ಶಿರಸಿಗೆ ಇಲ್ಲಿಂದ ಸುಮಾರು 400 ಕಿಲೋಮೀಟರ್. ಇಡ್ಲಿ ಹುಟ್ಟಿದಾಗಿನಿಂದ ದಾಟಿರೋ ಅತಿ ದೊಡ್ಡ ದೂರ, ಮೆಸ್ಸಿನಿಂದ ಮೆಕ್ಯಾನಿಕಲ್ ಬ್ಲಾಕ್.

ಸುದ್ದಿ ಹಬ್ಬಿದ್ದೇ ತಡ, ಆರು ಜನ ಬರ್ತೀವಿ ಅಂದರು. ಒಬ್ಬ ಆಗಲೇ ರೀಲಿಗೆ ಹಾಡು ಹುಡುಕಿಟ್ಟಿದ್ದ. ‘777 ಚಾರ್ಲಿ ಥರ ಇರುತ್ತೆ ಗುರು’ ಅಂದವರು ಮೂವರು. 2022ರಲ್ಲಿ ಆ ಸಿನಿಮಾ ನೋಡಿ ನಾವೂ ಅತ್ತಿದ್ದೀವಿ, ಅದರಲ್ಲಿ ನಾಚಿಕೆ ಇಲ್ಲ. ಆದರೆ ಆ ಕಥೆಯನ್ನ ಸರಿಯಾಗಿ ನೆನಪಿಸಿಕೊಳ್ಳಿ. ಧರ್ಮ ಮೈಸೂರಿಂದ ಹೊರಡೋದು ಚಾರ್ಲಿಗೆ ಹಿಮ ತೋರಿಸೋಕೆ. ಅವನಿಗೆ ಹಿಮ ನೋಡಬೇಕಾಗಿ ಚಾರ್ಲಿಯನ್ನ ಜೊತೆಗೆ ಎಳ್ಕೊಂಡು ಹೋಗಿದ್ದಲ್ಲ. ಜೊತೆಗೆ ಅವನ ಹಿಂದೆ ನಾಲ್ಕು ಜನ ಫ್ರೆಂಡ್ಸ್ ಸ್ಪೀಕರ್ ಹಿಡ್ಕೊಂಡು ಕೂತಿರಲಿಲ್ಲ.

ಕಾರು ನಮ್ಮ ಡೇ ಸ್ಕಾಲರ್ ಗೆಳತಿಯ ಅಪ್ಪನದು, ಹಳೇ ವ್ಯಾಗನ್‌ಆರ್. ಅಂಕಲ್ ಒಪ್ಪಿದ್ದಾರೆ. ಸೀಟಿನ ಮೇಲೆ ಒಂದು ಕೂದಲು ಕಂಡರೂ ಮಾತಾಡಿಸ್ತೀನಿ ಅಂತಾನೂ ಹೇಳಿದ್ದಾರೆ. ಆ ಕಾರಲ್ಲಿ ಐದು ಜನ ಕೂತು, ಕಾಲ ಕೆಳಗೆ ಒಂದು ನಾಯಿ ಅಂದ್ರೆ ಲೆಕ್ಕ ಹೇಗಾಗುತ್ತೆ ನೋಡಿ. ಹಿಂದಿನ ಸೀಟು ಪೂರ್ತಿ ಅವಳಿಗೇ ಬೇಕು, ಯಾಕಂದ್ರೆ ಅವಳು ಮಲಗಬೇಕು, ತಿರುಗಬೇಕು, ಮತ್ತೆ ಮಲಗಬೇಕು. ಪಕ್ಕದಲ್ಲಿ ಅವಳಿಗೆ ಪರಿಚಯ ಇರೋ ಒಬ್ಬರು. ಮುಂದೆ ಗಾಡಿ ಓಡಿಸೋನು. ಅಲ್ಲಿಗೆ ಮುಗೀತು. ಶಿರಸಿಯವನು ಓಡಿಸ್ತಾನೆ, ದಿನಾ ಅವಳಿಗೆ ಅನ್ನ ಹಾಕೋಳು ಹಿಂದೆ ಕೂರ್ತಾಳೆ. ಉಳಿದ ನಾವು ಗೇಟಲ್ಲಿ ಕೈ ಬೀಸ್ತೀವಿ. ಗ್ರೂಪಲ್ಲಿ ಇದನ್ನ ಹೇಳಿದ ದಿನ ಇಬ್ಬರು ಲೆಫ್ಟ್ ಆದರು. ಒಬ್ಬರು ಮಾರನೇ ದಿನ ವಾಪಸ್ ಬಂದರು ಅನ್ನಿ.

ನಮ್ಮನ್ನ ಜಿಪುಣರು, ಓವರ್ ಆ್ಯಕ್ಟಿಂಗ್ ಮಾಡೋರು ಅಂದವರಿಗೆ ಉತ್ತರವಾಗಿ ಒಂದು ಲೆಕ್ಕ. ಹಾಸ್ಟೆಲ್ ಜಿಮ್ಮಿನ ತೂಕದ ಮೆಷಿನ್ ಮೇಲೆ ಇಡ್ಲಿಯನ್ನ ಎತ್ಕೊಂಡು ನಿಂತು, ಆಮೇಲೆ ಬರೀ ನಾವು ನಿಂತು, ಕಳೆದು ನೋಡಿದರೆ ಅವಳು 18 ಕೆಜಿ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಅರ್ಧ ಎಂ ವಿ ಸ್ಕ್ವೇರ್ ಹಾಕಿ, 2,500 ಜೂಲ್ ಬರುತ್ತೆ. ಅದೇ ವೇಗ ಬರಬೇಕಂದ್ರೆ ಅವಳು 14 ಮೀಟರ್ ಎತ್ತರದಿಂದ ಬೀಳಬೇಕು, ಅಂದ್ರೆ ಹೆಚ್ಚುಕಮ್ಮಿ ನಮ್ಮ ಹಾಸ್ಟೆಲ್ ಟೆರೇಸಿನಿಂದ. ಕಾರು ಎದುರಿಗೆ ಬಂದದ್ದಕ್ಕೆ ಗುದ್ದಿ ನಿಂತಿತು, ಕಟ್ಟದೇ ಬಿಟ್ಟ ನಾಯಿ ಅರ್ಧ ಮೀಟರಿನಲ್ಲಿ ನಿಂತಿತು ಅಂತ ಇಟ್ಕೊಂಡರೂ ಸರಾಸರಿ ಬಲ 5,000 ನ್ಯೂಟನ್, ಅರ್ಧ ಟನ್ ತೂಕಕ್ಕೆ ಸಮ. ಅದು ಬಂದು ಬಡಿಯೋದು ಮುಂದೆ ಕೂತವನ ಕುತ್ತಿಗೆಗೆ. ತೊಡೆ ಮೇಲೆ ಕೂರಿಸಿಕೊಂಡು ‘ಗಟ್ಟಿಯಾಗಿ ಹಿಡ್ಕೋತೀನಿ’ ಅನ್ನೋರು ಅರ್ಧ ಟನ್ ಹಿಡ್ಕೊಳ್ಳೋಕೆ ತಯಾರಿದ್ದರೆ ಕೈ ಎತ್ತಿ. ಹಾಗಾಗಿ ಎದೆ ಸುತ್ತ ಬರೋ ಹಾರ್ನೆಸ್, ಅದರಿಂದ ಸೀಟ್ ಬೆಲ್ಟಿಗೆ ಸಿಕ್ಕಿಸೋ ಪಟ್ಟಿ. ಕುತ್ತಿಗೆಯ ಬೆಲ್ಟಿಗೆ ಕಟ್ಟಬಾರದು, ಜೋರಾಗಿ ಬ್ರೇಕ್ ಹಾಕಿದರೆ ಅದೇ ನೇಣಾಗುತ್ತೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಳಿಗೆ ಕಿವಿ ಹಾರಿಸೋ ನಾಯಿ ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಒಪ್ಪಿದೆವು. ಹೈವೇಲಿ ಒಂದು ಸಣ್ಣ ಕಲ್ಲು ಕಣ್ಣಿಗೆ ಬಡಿದರೆ ಆ ಫೋಟೋ ಯಾರಿಗೂ ಬೇಡ.

ಇನ್ನು ಬಿಸಿಲು. ಥರ್ಮೋ ಕ್ಲಾಸಲ್ಲಿ ನಿದ್ದೆ ಮಾಡದವರಿಗೆ ಇದು ಬೇಗ ಅರ್ಥ ಆಗುತ್ತೆ. ನಿಲ್ಲಿಸಿದ ಕಾರಿನ ಗಾಜಿನಿಂದ ಬೆಳಕು ಒಳಗೆ ಬರುತ್ತೆ, ಸೀಟು, ಡ್ಯಾಶ್‌ಬೋರ್ಡ್ ಕಾಯುತ್ತೆ, ಕಾದ ಗಾಳಿ ಹೊರಗೆ ಹೋಗೋಕೆ ದಾರಿ ಇಲ್ಲ. ಹೊರಗೆ 30 ಡಿಗ್ರಿ ಇದ್ದರೆ ಅರ್ಧ ಗಂಟೆಯಲ್ಲಿ ಒಳಗೆ 45 ದಾಟಬಹುದು. ಕಿಟಕಿ ಎರಡು ಬೆರಳಷ್ಟು ಇಳಿಸಿದರೆ ದೊಡ್ಡ ವ್ಯತ್ಯಾಸ ಏನೂ ಆಗಲ್ಲ. ನಮಗೆ ಮೈಯೆಲ್ಲ ಬೆವರುತ್ತೆ. ನಾಯಿಗೆ ಬೆವರೋದು ಪಾದದ ಅಡಿಯಲ್ಲಿ ಮಾತ್ರ, ಉಳಿದ ಬಿಸಿಯೆಲ್ಲ ನಾಲಿಗೆ ಚಾಚಿ ತೇಕಿ, ಬಾಯಿಯ ತೇವ ಆರಿಸಿಯೇ ಹೋಗಬೇಕು. ಸುತ್ತಲಿನ ಗಾಳಿಯೇ ಬಿಸಿಯಾಗಿ, ತೇವ ತುಂಬಿಕೊಂಡರೆ ಆ ಕೂಲಿಂಗ್ ಸಿಸ್ಟಮ್ ಕೈ ಕೊಡುತ್ತೆ. ಅದರ ಮೈ ಮಾಮೂಲಿಯಾಗೇ 38-39 ಡಿಗ್ರಿ ಇರುತ್ತೆ, 41 ದಾಟಿದರೆ ಜೀವಕ್ಕೇ ಅಪಾಯ. ‘ಐದೇ ನಿಮಿಷ, ಒಂದು ಕಾಫಿ’ ಅಂತ ನಾಯಿಯನ್ನ ಕಾರಲ್ಲಿ ಬಿಟ್ಟು ಹೋಗೋ ಪದ್ಧತಿ ನಮ್ಮ ಟ್ರಿಪ್ಪಲ್ಲಿ ಇಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಅವಳ ಜೊತೆ ನೆರಳಲ್ಲಿ. ಕನಿಷ್ಠ ಇಬ್ಬರು ಬೇಕು ಅನ್ನೋದಕ್ಕೆ ಇದೇ ಕಾರಣ. ಬೆಳಿಗ್ಗೆ ಐದಕ್ಕೆ ಹೊರಡೋದೂ ಅದಕ್ಕೇ, ಸೂರ್ಯ ನೆತ್ತಿಗೆ ಬರೋ ಹೊತ್ತಿಗೆ ದಾವಣಗೆರೆ ದಾಟಿರಬೇಕು.

ಒಂದು ತಿಂಗಳು ಯಾಕೆ ಅಂತ ಎಲ್ಲರೂ ಕೇಳ್ತಾರೆ. ಮೊದಲ ಕಾರಣ ಲಸಿಕೆ. ಆಪರೇಷನ್ ಟೈಮಲ್ಲಿ ರೇಬೀಸ್ ಲಸಿಕೆ ಆಗಿರುತ್ತೆ, ಆದರೆ ಯಾವಾಗ ಅನ್ನೋದಕ್ಕೆ ನಮ್ಮ ಹತ್ರ ಚೀಟಿ ಇಲ್ಲ. ಅದಕ್ಕೆ ಸರ್ಕಾರಿ ಪಶು ಆಸ್ಪತ್ರೆಗೆ ಕರ್ಕೊಂಡು ಹೋಗಿ ಮತ್ತೆ ಹಾಕಿಸಿದೆವು. ಹಾಕಿದ ಮಾರನೇ ದಿನವೇ ಲಸಿಕೆ ಕೆಲಸ ಮಾಡಲ್ಲ, ಮೈಯಲ್ಲಿ ಶಕ್ತಿ ಬರೋಕೆ ಮೂರು ನಾಲ್ಕು ವಾರ ಬೇಕು. ಹೊಸ ಊರಲ್ಲಿ ಹೊಸ ನಾಯಿಗಳು, ಹೊಸ ಜನ, ಮನೆಯಲ್ಲಿ ಗೆಳೆಯನ ಚಿಕ್ಕ ತಂಗಿ. ಚೀಟಿ ಇಲ್ಲದೆ ಅವಳನ್ನ ಆ ಮನೆಗೆ ಇಳಿಸೋದು ಸರಿಯಲ್ಲ. ಪಾರ್ವೋ, ಡಿಸ್ಟೆಂಪರ್ ಸೂಜಿಯೂ ಆಯ್ತು. ಉಣ್ಣೆಗೆ ಬೆನ್ನ ಮೇಲೆ ಹಾಕೋ ಔಷಧಿಯನ್ನ ಡಾಕ್ಟರ್ ಬರ್ಕೊಟ್ಟಿದ್ದಾರೆ, ಹೊರಡೋ ಎರಡು ದಿನ ಮುಂಚೆ ಹಾಕಬೇಕು. ಮಲೆನಾಡಿಗೆ ಹೋಗೋ ನಾಯಿಗೆ ಇದು ಶೋಕಿ ಅಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡೋದು ಉಣ್ಣೆಯಿಂದಲೇ. ಕಾಡಿಗೆ ಹೋಗಿ ಬಂದ ನಾಯಿ ಆ ಉಣ್ಣೆಯನ್ನ ಮನೆ ಜಗಲಿ ತನಕ ಹೊತ್ತು ತರಬಹುದು. ಅದಕ್ಕೆ ಔಷಧಿ ಹಾಕೋದು ಇಲ್ಲಿಗೆ ಮುಗಿಯಲ್ಲ, ಅಲ್ಲೂ ಹಾಕ್ತಾ ಇರಬೇಕು ಅಂತ ಗೆಳೆಯನ ಮನೆಗೆ ಹೇಳಿದ್ದೀವಿ.

ಎರಡನೇ ಕಾರಣ, ಕಾರು. ಇಡ್ಲಿಗೆ ಕಾರು ಅಂದ್ರೆ ಅದರ ಕೆಳಗೆ ಮಲಗೋ ನೆರಳು, ಒಳಗೆ ಕೂರೋ ವಸ್ತು ಅಲ್ಲ. ಮೊದಲ ವಾರ ಪಾರ್ಕಿಂಗಲ್ಲಿ ಕಾರಿನ ನಾಲ್ಕೂ ಬಾಗಿಲು ತೆಗೆದಿಟ್ಟು, ಹಿಂದಿನ ಸೀಟಿನ ಮೇಲೆ ಊಟ ಇಟ್ಟು ದೂರ ಕೂತೆವು. ಎರಡು ದಿನ ಬರಲೇ ಇಲ್ಲ. ಮೂರನೇ ದಿನ ಮುಂಗಾಲು ಎರಡು ಒಳಗೆ, ಹಿಂಗಾಲು ಎರಡು ಹೊರಗೆ, ಹಾಗೇ ನಿಂತು ತಿಂದಳು. ಸೆಕ್ಯೂರಿಟಿ ಅಣ್ಣ ‘ಏನ್ರೋ ಇದು, ನಾಯಿಗೆ ಡ್ರೈವಿಂಗ್ ಕ್ಲಾಸಾ?’ ಅಂದರು, ಆಮೇಲೆ ಅವರೇ ಬಿಸ್ಕೆಟ್ ತಂದ್ಕೊಟ್ಟರು. ಎರಡನೇ ವಾರ ಬಾಗಿಲು ಹಾಕಿ ಐದು ನಿಮಿಷ, ಆಮೇಲೆ ಎಂಜಿನ್ ಆನ್ ಮಾಡಿ ಗಾಡಿ ಓಡಿಸದೇ ಹತ್ತು ನಿಮಿಷ. ಮೂರನೇ ವಾರ ಕ್ಯಾಂಪಸ್ ಒಂದು ಸುತ್ತು. ಈಗ ಐದು ಕಿಲೋಮೀಟರ್ ಆಗಿದೆ, ಮುಂದಿನ ಭಾನುವಾರ ಮೂವತ್ತು. ಎಳ್ಕೊಂಡು ಬಂದು ಒಳಗೆ ತಳ್ಳಿ ಬಾಗಿಲು ಹಾಕಿದ್ದರೆ ಒಂದೇ ದಿನದಲ್ಲಿ ಮುಗೀತಿತ್ತು. ಆದರೆ ನಡುಗ್ತಾ ಎಂಟು ಗಂಟೆ ಕೂತ ನಾಯಿ ಆ ಮೇಲೆ ಯಾರನ್ನ ನಂಬುತ್ತೆ? ಅವಳು ಹೋಗ್ತಿರೋದು ಬಾಳೋಕೆ. ವಾಪಸ್ ಕರ್ಕೊಂಡು ಬರೋ ದಾರಿ ಇಲ್ಲ. ದತ್ತು ತಗೊಂಡ ನಾಯಿಯನ್ನ ಮತ್ತೆ ಬೀದಿಗೆ ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲೇ ಹೇಳಿದೆ. ಮೊದಲ ದಿನವೇ ಅವಳು ಹೆದರಿ ಅಲ್ಲಿಂದ ಓಡಿಹೋದರೆ ನಮ್ಮ ದತ್ತು, ನಮ್ಮ ಫೈಲು, ಎಲ್ಲ ಕಾಗದ ಮಾತ್ರ.

ನಿಜ ಹೇಳಬೇಕಂದ್ರೆ ನಮಗೆ ಅಪಘಾತಕ್ಕಿಂತ ಹೆಚ್ಚು ಭಯ ಇರೋದು ಇದರದ್ದೇ, ದಾರಿಯಲ್ಲಿ ಅವಳು ತಪ್ಪಿಸಿಕೊಂಡರೆ ಏನು ಅಂತ. ಬೀದಿನಾಯಿ ಅಲ್ವಾ, ಎಲ್ಲಾದರೂ ಬದುಕುತ್ತೆ ಅಂತ ಕೆಲವರು ಅಂದ್ಕೋತಾರೆ. ಬೀದಿನಾಯಿ ಬದುಕೋದು ತನ್ನ ಬೀದಿಯಲ್ಲಿ. ಎಲ್ಲಿ ನೀರಿದೆ, ಯಾವ ಮನೆ ಆಂಟಿ ಅನ್ನ ಹಾಕ್ತಾರೆ, ಯಾವ ಗಂಡುನಾಯಿ ಗಡಿ ಎಲ್ಲಿ ಮುಗಿಯುತ್ತೆ, ಎಲ್ಲ ತಲೆಯಲ್ಲಿ ನಕ್ಷೆ ಥರ ಇರುತ್ತೆ. ಚಿತ್ರದುರ್ಗದ ಹತ್ರ ಹೈವೇ ಪಕ್ಕದ ಢಾಬಾದಲ್ಲಿ ಆ ನಕ್ಷೆ ಸೊನ್ನೆ. ಢಾಬಾಗೆ ಅದರದ್ದೇ ನಾಲ್ಕು ನಾಯಿ ಇರುತ್ತೆ, ಅವು ಬೊಗಳ್ತಾ ಬಂದರೆ ಇಡ್ಲಿ ಓಡೋದು ಲಾರಿಗಳ ಕಡೆಗೆ. ಅದಕ್ಕೆ ನಮ್ಮ ನಿಯಮ: ಢಾಬಾದಲ್ಲಿ ನಿಲ್ಲಿಸಲ್ಲ. ಎರಡು ಗಂಟೆಗೊಮ್ಮೆ ಹೈವೇ ಬಿಟ್ಟು ಒಳದಾರಿಗೆ ಇಳಿದು, ಸುತ್ತ ನಾಯಿ ಇಲ್ಲ ಅಂತ ನೋಡಿ, ಹಗ್ಗ ಕೈಗೆ ಸುತ್ತಿಕೊಂಡ ಮೇಲೇ ಬಾಗಿಲು ತೆಗೆಯೋದು. ಹಗ್ಗ ಎರಡು, ಒಂದು ಹಾರ್ನೆಸ್ಸಿಗೆ, ಒಂದು ಕುತ್ತಿಗೆ ಪಟ್ಟಿಗೆ, ಒಂದರಿಂದ ನುಸುಳಿದರೂ ಇನ್ನೊಂದು ಇರುತ್ತೆ. ಪಟ್ಟಿಯ ಮೇಲೆ ಅಳಿಸದ ಇಂಕಲ್ಲಿ ಎರಡು ಫೋನ್ ನಂಬರ್. ‘ಅವಳು ನಮ್ಮನ್ನ ಬಿಟ್ಟು ಎಲ್ಲಿಗೂ ಹೋಗಲ್ಲ’ ಅನ್ನೋ ಮಾತು ಮೆಸ್ಸಿನ ಹಿಂದೆ ನಿಜ, ಹೈವೇಲಿ ಅದನ್ನ ಪರೀಕ್ಷೆ ಮಾಡೋ ಧೈರ್ಯ ನಮಗಿಲ್ಲ.

ಊಟದ ವಿಷಯ ಚಿಕ್ಕದು. ಹೊರಡೋ ಮೂರು ನಾಲ್ಕು ಗಂಟೆ ಮುಂಚೆಯಿಂದ ಹೊಟ್ಟೆ ಖಾಲಿ ಇರಲಿ, ನೀರು ಮಾತ್ರ ಸ್ವಲ್ಪ ಸ್ವಲ್ಪ. ಬಾಯಲ್ಲಿ ಜೊಲ್ಲು ಸುರೀತಿದ್ದರೆ, ಮೇಲಿಂದ ಮೇಲೆ ತುಟಿ ನೆಕ್ಕಿದರೆ, ಆಕಳಿಸಿದರೆ ವಾಂತಿ ಬರ್ತಿದೆ ಅಂತ ತಿಳ್ಕೊಂಡು ಗಾಡಿ ನಿಲ್ಲಿಸಬೇಕು. ಹಾವೇರಿಯಿಂದ ಶಿರಸಿ ಕಡೆ ತಿರುಗಿದ ಮೇಲೆ ರಸ್ತೆಯ ಓಟ ಬದಲಾಗುತ್ತೆ, ಅಲ್ಲಿ ನಿಧಾನ. ಮಧ್ಯಾಹ್ನಕ್ಕೆ ಇಲ್ಲಿಂದಲೇ ಕಟ್ಟಿಕೊಂಡ ಮೊಸರನ್ನ. ದಾರಿಯ ಪಲಾವ್, ಗ್ರೇವಿ ಯಾವುದೂ ಬೇಡ, ಈರುಳ್ಳಿ ನಾಯಿಯ ರಕ್ತಕ್ಕೆ ವಿಷ. ಚಾಕಲೇಟ್, ದ್ರಾಕ್ಷಿಯೂ ಅಷ್ಟೇ. ಹಾಸ್ಟೆಲ್ಲಲ್ಲಿ ತಲೆನೋವಿಂದ ಬ್ರೇಕಪ್ ತನಕ ಎಲ್ಲದಕ್ಕೂ ಡೋಲೋ ನುಂಗೋರು ನಾವು. ಅದನ್ನ ಅವಳಿಗೆ ಕೊಡಬೇಡಿ, ಪ್ಯಾರಾಸಿಟಮಾಲ್ ನಾಯಿಯ ಲಿವರ್ ಹಾಳು ಮಾಡಬಹುದು. ವಾಂತಿಗೆ ಮಾತ್ರೆ ಬೇಕಾದರೆ ಡಾಕ್ಟರನ್ನೇ ಕೇಳಬೇಕು.

‘ಇಷ್ಟೆಲ್ಲ ಲಕ್ಷುರಿ ಬೀದಿನಾಯಿಗೆ ಯಾಕೆ, ಲಗೇಜ್ ಆಟೋದಲ್ಲಿ ಹಾಕಿ ಕಳಿಸಿ’ ಅಂದ ಸೀನಿಯರ್ ಒಬ್ಬರಿದ್ದಾರೆ. ಅವರ ಮನೆಯ ಲ್ಯಾಬ್ರಡಾರ್ ಹುಟ್ಟುಹಬ್ಬಕ್ಕೆ ಕೇಕ್ ಕಟ್ ಆಗುತ್ತೆ, ಸ್ಟೇಟಸ್ಸಲ್ಲಿ ನೋಡಿದ್ದೀವಿ. ಹಾರ್ನೆಸ್ಸಿಗೆ ನಾವು ಆರು ಜನ ಚಂದಾ ಹಾಕಿದ್ದು ಒಂದು ಪಿಜ್ಜಾ ರಾತ್ರಿಗೆ ಆಗೋವಷ್ಟು ದುಡ್ಡು. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಖರ್ಚಾಗಿದ್ದು ಅದಕ್ಕಿಂತ ಕಡಿಮೆ. ಖರ್ಚಾಗಿದ್ದು ಟೈಮು. ಇಂಟರ್ನಲ್ಸ್ ಮಧ್ಯೆ ದಿನಾ ಸಂಜೆ ಇಪ್ಪತ್ತು ನಿಮಿಷ ಪಾರ್ಕಿಂಗಲ್ಲಿ ಕೂರೋದು ಲಕ್ಷುರಿ ಅನ್ನೋದಾದರೆ, ಸರಿ, ಆ ಲಕ್ಷುರಿ ನಮ್ಮದೇ.

ಶಿರಸಿ ತಲುಪಿದರೆ ಮುಗೀತು ಅಂತ ನಾವೂ ಅಂದ್ಕೊಂಡಿಲ್ಲ. ಗೆಳೆಯನ ಮನೆ ಇರೋದು ತೋಟದ ನಡುವೆ, ಹಿಂದೆ ಬೆಟ್ಟ. ಆ ಕಡೆ ಚಿರತೆ ಬಂದು ನಾಯಿ ಹೊತ್ತೊಯ್ಯೋದು ಹೊಸ ಸುದ್ದಿಯೇ ಅಲ್ಲ. ಅದಕ್ಕೆ ರಾತ್ರಿ ಅವಳು ಮನೆಯೊಳಗೆ, ಹಿಂದಿನ ಕೊಟ್ಟಿಗೆ ಬಾಗಿಲು ಭದ್ರ. ಮೊದಲ ಕೆಲವು ವಾರ ಹಗಲಲ್ಲೂ ಹಗ್ಗ ಬಿಚ್ಚದೇ ಓಡಾಡಿಸಬೇಕು, ಇದೇ ಮನೆ ಅಂತ ಅವಳ ತಲೆಯಲ್ಲಿ ಹೊಸ ನಕ್ಷೆ ಬರೋ ತನಕ. ಮೆಸ್ಸಿನ ಹಿಂದೆ ಅವಳು ಮಲಗ್ತಿದ್ದ ಗೋಣಿಚೀಲವನ್ನ ಒಗೆಯದೇ ಹಾಗೇ ಕಾರಲ್ಲಿ ಕಳಿಸ್ತಿದ್ದೀವಿ. ವಾಸನೆ ಬರುತ್ತೆ ಅಂತ ಅಂಕಲ್‌ಗೆ ಇನ್ನೂ ಹೇಳಿಲ್ಲ.

ಪರೀಕ್ಷೆ ಶುಕ್ರವಾರ ಮುಗಿಯುತ್ತೆ, ಗಾಡಿ ಶನಿವಾರ ಬೆಳಿಗ್ಗೆ ಐದಕ್ಕೆ. ಬೀಳ್ಕೊಡೋಕೆ ಬರೋರು ಬನ್ನಿ, ಆದರೆ ಗುಂಪು ಕಟ್ಟಿ ಅವಳ ಸುತ್ತ ನಿಂತು ಕಿರುಚಬೇಡಿ, ಫ್ಲ್ಯಾಷ್ ಹಾಕಬೇಡಿ. ಸೀಟಿಗೆ ಹಾಸೋಕೆ ಎರಡು ಹಳೇ ಬೆಡ್‌ಶೀಟ್ ಬೇಕಾಗಿದೆ, ಜೊತೆಗೆ ಮಗುಚಿ ಬೀಳದ ಒಂದು ಅಗಲವಾದ ಸ್ಟೀಲ್ ಬಟ್ಟಲು. ಇದ್ದವರು ಗುರುವಾರದೊಳಗೆ ಮೆಸ್ ಕೌಂಟರಲ್ಲಿ ಕೊಡಿ. ಮೆಸ್ಸಿನದ್ದೇ ಬಟ್ಟಲು ಎತ್ಕೊಂಡು ಬರಬೇಡಿ, ಮೆಸ್ ಅಣ್ಣ ಎಣಿಸಿಟ್ಟಿದ್ದಾರೆ.